ಪಾರ್ಕಿಂಗ್ ಜಾಗಕ್ಕೆ ಬೆಂಚು ಬರಬೇಕಾದರೆ ಮೊದಲು ನೀರಿಗೆ ದಾರಿ

ರಸ್ತೆಬದಿಯಲ್ಲಿ ಒಂದೆರಡು ಕಾರು ನಿಲ್ಲುವ ಜಾಗ ಬಿಡಿಸಿ, ಫುಟ್‌ಪಾತಿನ ಮಟ್ಟಕ್ಕೆ ಅಟ್ಟಳಿಗೆ ಕಟ್ಟಿ, ಬೆಂಚು, ಗಿಡ ಇಟ್ಟರೆ ಅದು ಪಾರ್ಕ್‌ಲೆಟ್. ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2005ರಲ್ಲಿ ರೀಬಾರ್ ಎಂಬ ವಿನ್ಯಾಸಕಾರರ ತಂಡ ಪಾರ್ಕಿಂಗ್ ಮೀಟರಿಗೆ ದುಡ್ಡು ಹಾಕಿ, ಎರಡು ಗಂಟೆ ಮಟ್ಟಿಗೆ ಹುಲ್ಲುಹಾಸು, ಬೆಂಚು, ಒಂದು ಮರ ತಂದಿಟ್ಟದ್ದು ಇದರ ಮೂಲ. 2010ರಿಂದ ನಗರಾಡಳಿತದ ಯೋಜನೆಯಾಗಿಯೇ ನಡೆದಿದೆ. ಇದರ ಫೋಟೋ ನೋಡಿ ಮಂಗಳೂರಿನ ಹಂಪನಕಟ್ಟೆಗೂ ಉಡುಪಿಯ ರಥಬೀದಿಗೂ ಬೇಕು ಅನ್ನುವವರಿದ್ದಾರೆ. ಫೋಟೋದಲ್ಲಿ ಕಾಣದ್ದು ಅಡಿಭಾಗ. ಕೆಲಸವೆಲ್ಲ ಇರುವುದು ಅಲ್ಲೇ.

ರಸ್ತೆ ನಡುವೆ ಉಬ್ಬಿ ಬದಿಗೆ ಇಳಿದಿರುತ್ತದೆ, ಮಳೆನೀರು ಅಂಚುಕಲ್ಲಿಗೆ ತಾಗಿ ಹರಿಯಲೆಂದು. ಅದನ್ನು ತಡೆಯದೆ ಮೇಲಿನ ಹಲಗೆ ಮಟ್ಟಸವಾಗಿರಲು ಎತ್ತರ ಹೊಂದಿಸಬಹುದಾದ ತಿರುಪಿನ ಕಾಲು ಹಾಕುತ್ತಾರೆ. ಹಲಗೆಗೂ ಫುಟ್‌ಪಾತಿಗೂ ನಡುವೆ ಅರ್ಧ ಇಂಚಿಗಿಂತ ಹೆಚ್ಚು ಸಂದು ಇರಬಾರದು, ಗಾಲಿಕುರ್ಚಿಯ ಮುಂಚಕ್ರ ಸಿಕ್ಕಿಬೀಳುತ್ತದೆ. ಚದರ ಅಡಿಗೆ 100 ಪೌಂಡ್, ಅಂದರೆ ಸುಮಾರು 45 ಕಿಲೋ ಭಾರ ತಡೆಯಬೇಕು. ಎರಡೂ ತುದಿಯಲ್ಲಿ 4 ಅಡಿ ಖಾಲಿ ಬಿಟ್ಟು, ಕಾರಿನ ಚಕ್ರ ತಡೆಯುವ ರಬ್ಬರ್ ದಿಮ್ಮಿ ಮತ್ತು ಬಗ್ಗುವ ಕಂಬ ಇಡುತ್ತಾರೆ.

ಇಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ನಮ್ಮ ಕರಾವಳಿಯಲ್ಲಿ 3,500 ದಾಟುತ್ತದೆ, ಅದೂ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಹಾಗಾಗಿ ಮರದ ಚೌಕಟ್ಟು ಬೇಡ, ಸತು ಲೇಪಿಸಿದ ಕಬ್ಬಿಣ ಇರಲಿ. ನಮ್ಮಲ್ಲಿ ಎಷ್ಟೋ ಕಡೆ ಫುಟ್‌ಪಾತೆಂದರೆ ಚರಂಡಿಯ ಮೇಲಿನ ಚಪ್ಪಡಿ. ಅಟ್ಟಳಿಗೆಯ ಅಂಚನ್ನು ಅದರ ಮೇಲೆ ಕೂರಿಸಿದರೆ ಹೂಳೆತ್ತಲು ಚಪ್ಪಡಿ ಏಳುವುದಿಲ್ಲ. ನೀರಿಳಿಯುವ ಕಿಂಡಿಯ ಮೇಲಂತೂ ಕಟ್ಟಲೇಬಾರದು. ಅಂಚುಕಲ್ಲಿನ ಉದ್ದಕ್ಕೂ ಕೈಯಲ್ಲಿ ಎತ್ತಬಹುದಾದ ಬಿಡಿ ಹಲಗೆಗಳಿದ್ದರೆ ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ತರಗೆಲೆ, ಪ್ಲಾಸ್ಟಿಕ್ಕು, ಕೆಂಪುಮಣ್ಣು ತೆಗೆಯಬಹುದು. ಇಲ್ಲದಿದ್ದರೆ ಮೊದಲ ಜೋರು ಮಳೆಗೇ ನೀರು ಪಕ್ಕದ ಅಂಗಡಿಗೆ ನುಗ್ಗುತ್ತದೆ, ಮತ್ತೆ ಅಲ್ಲಿ ಪಾರ್ಕ್‌ಲೆಟ್ ಹೆಸರು ಎತ್ತುವ ಹಾಗಿಲ್ಲ ಮಾರಾಯ್ರೆ. ಸುಲಭವೆಂದು ಕಾಂಕ್ರೀಟು ಸುರಿದರೂ ಇದೇ ಗತಿ, ಜೊತೆಗೆ ಒಳಚರಂಡಿಯ ಮುಚ್ಚಳವೂ ಹೂತುಹೋಗುತ್ತದೆ.

ಇನ್ನು ಸ್ಕೂಟರು. ಗಾಲಿಕುರ್ಚಿಗೆ 90 ಸೆಂ.ಮೀ. ದಾರಿ ಬಿಟ್ಟರೆ ಅದರಲ್ಲಿ ಸ್ಕೂಟರೂ ತೂರುತ್ತದೆ, ಕಂಬ ನೆಟ್ಟು ತಡೆಯಲಾಗದು. ರಸ್ತೆ ಕಡೆಗೆ ಸಂದಿಲ್ಲದೆ ಭಾರದ ಹೂಕುಂಡಗಳ ಸಾಲು, ಪ್ರವೇಶ ಫುಟ್‌ಪಾತಿನಿಂದ ಮಾತ್ರ, ನಡುವೆ ಹಲಗೆಗೆ ಬಿಗಿದ ಬೆಂಚು: ಹೀಗಿದ್ದರೆ ನಿಲ್ಲಿಸಲು ಜಾಗವೇ ಉಳಿಯದು.

ರಥಬೀದಿಯಲ್ಲಾದರೆ ಯಾವುದನ್ನೂ ಡಾಂಬರಿಗೆ ಬೋಲ್ಟ್ ಮಾಡಬೇಡಿ. ಮಕರ ಸಂಕ್ರಾಂತಿಯ ತೇರಿಗೆ, ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಗೆ, ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯಕ್ಕೆ ಬೀದಿ ಪೂರ್ತಿ ಖಾಲಿ ಬೇಕು. 5 ಮೀಟರ್ ಉದ್ದದ ಒಂದು ಕಾರಿನ ಜಾಗದ ಅಟ್ಟಳಿಗೆಯನ್ನು ನಾಲ್ಕು ತುಂಡಾಗಿ ಮಾಡಿಸಿದರೆ ಒಂದೊಂದು ಒಂದೂಕಾಲು ಮೀಟರ್ ಆಗುತ್ತದೆ. ಬೆಂಚು, ಕುಂಡ ಇಳಿಸಿ ಟೆಂಪೋಗೆ ಹೇರಬಹುದು.