ಗಂಟಲ ಉಬ್ಬಿಗೊಂದು ಅಡ್ಡಿಕೆ

ಅಡ್ಡಿಕೆ ಅಂದರೆ ಕೊರಳಿಗೆ ಅಂಟಿಕೊಂಡು ಕೂರುವ ಒಡವೆ. ಅಂಗಡಿಯ ಅಡ್ಡಿಕೆ ನನ್ನ ಕೊರಳಿಗೆ ಕೂರುವುದಿಲ್ಲ. ಗಂಟಲಿನ ಉಬ್ಬು ಅಡ್ಡ ಬರುತ್ತದೆ. ಗಂಡು ಅಂತ ಬೆಳೆಸಿದ ಮೈ ಇದು. ಒಳಗೆ ನಾನು ಬರೀ ಗಂಡಲ್ಲ, ಬರೀ ಹೆಣ್ಣೂ ಅಲ್ಲ. ಆ ಉಬ್ಬನ್ನು ವರ್ಷಗಟ್ಟಲೆ ದುಪಟ್ಟಾದಲ್ಲಿ ಮುಚ್ಚಿಕೊಂಡು ಓಡಾಡಿದ್ದೇನೆ.

ಬೆಳ್ಳಿ ಕೆಲಸ ಕಲಿಯುವಾಗ ಬಾದಾಮಿಗೆ ಹೋಗಿದ್ದೆ. ಒಂದನೇ ಗುಹೆಯಲ್ಲಿ ಎಲ್ಲರೂ ಹದಿನೆಂಟು ಕೈಯ ನಟರಾಜನ ಫೋಟೊ ತೆಗೆಯುತ್ತಿದ್ದರು. ನಾನು ಅರ್ಧನಾರೀಶ್ವರನ ಎದುರು ನಿಂತುಬಿಟ್ಟೆ. ಚಾಲುಕ್ಯರು 6ನೇ ಶತಮಾನದಲ್ಲಿ ಕೆಂಪು ಮರಳುಗಲ್ಲಿನಲ್ಲಿ ಕೊರೆಸಿದ್ದು. ಬಲಗಡೆ ಶಿವ, ಜಟೆಯಲ್ಲಿ ಚಂದ್ರ, ತಲೆಬುರುಡೆ. ಎಡಗಡೆ ಪಾರ್ವತಿ, ತುಂಬಿದ ಎದೆ, ಕೈಗೆ ಬಳೆ. ಒಡವೆ ಮಾತ್ರ ಎರಡೂ ಕಡೆ ಇದೆ. ಆ ತುದಿಯ ಹರಿಹರನಿಗೂ ಇದೆ. ನಮ್ಮ ತಾತನೂ ಕಿವಿಗೆ ಹತ್ತಕಡಕು, ಸೊಂಟಕ್ಕೆ ಬೆಳ್ಳಿ ಉಡಿದಾರ ಹಾಕುತ್ತಿದ್ದರಲ್ವಾ? ಒಡವೆ ಹೆಂಗಸರದ್ದು ಅಂತ ಯಾವಾಗ ಆಯಿತೋ! ನಾನು ಜಾಸ್ತಿ ಹೊತ್ತು ನೋಡಿದ್ದು ಕೊರಳನ್ನು. ಇಬ್ಬರಿಗೂ ಒಂದೇ ಕೊರಳು.

ವಾಪಸ್ ಬಂದವನೇ ಗೆಳತಿಯನ್ನು ಕೂರಿಸಿಕೊಂಡೆ. ನನ್ನ ಗಂಟಲಿಗೆ ಎಣ್ಣೆ ಸವರಿ, ಒದ್ದೆ ಪ್ಲಾಸ್ಟರ್ ಬಟ್ಟೆ ಹಾಕಿ ಅಚ್ಚು ತೆಗೆದೆವು. ಒಣಗುವವರೆಗೆ ಎಂಜಲು ನುಂಗುವಂತಿಲ್ಲ. ನುಂಗಿದರೆ ಉಬ್ಬು ಮೇಲೆ ಕೆಳಗೆ ಜಾರುತ್ತದೆ. ಅಚ್ಚಿಗೆ ಜೇಡಿಮಣ್ಣು ಒತ್ತಿ ಬಿಡಿಸಿದಾಗ ನನ್ನದೇ ಗಂಟಲು ಅಂಗೈಯಲ್ಲಿತ್ತು. ಕನ್ನಡಿಯಲ್ಲಿ ನೋಡಲಾಗದಿದ್ದನ್ನು ಹೆಬ್ಬೆರಳಲ್ಲಿ ತೀಡಿ ತೀಡಿ ನೋಡಿದೆ. ಚೆನ್ನಾಗಿತ್ತು. ನಿಜವಾಗಿಯೂ ಚೆನ್ನಾಗಿತ್ತು.

ಅದನ್ನು ಕೆಲಸ ಕಲಿಸುವ ಮೇಷ್ಟ್ರಿಗೆ ತೋರಿಸಿದೆ. ಅವರು ಗಂಡಾ ಹೆಣ್ಣಾ ಅಂತ ಕೇಳಲಿಲ್ಲ. "ಉಬ್ಬನ್ನ ಮುಚ್ಚಬೇಕಾ, ಬಿಡಬೇಕಾ?" ಅಂದರು.

"ಬಿಡೋಣ ಮೇಷ್ಟ್ರೇ."

"ಹಾಗಾದ್ರೆ ತಗಡು ಎರಡು ಮಾಡು."

ಬೆಳ್ಳಿ ಬಡಿದಷ್ಟೂ ಗಡುಸಾಗುತ್ತದೆ. ಮತ್ತೆ ಕಾಯಿಸಿ ಮೆದು ಮಾಡಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಕಾಯಿಸಿ, ಕೊಡತಿಯಲ್ಲಿ ಬಡಿದು, ಮಣ್ಣಿನ ಗಂಟಲಿಗೆ ಹಿಡಿದು ನೋಡುವುದು. ಮತ್ತೆ ಕಾಯಿಸುವುದು. ಕೊನೆಗೆ ಎರಡು ಎಲೆಗಳು ಉಬ್ಬಿನ ಎರಡೂ ಬದಿಗೆ ಬಾಗಿ ನಿಂತವು. ಕೆಳಗೆ ಸಣ್ಣ ಸರಪಳಿ, ಬಿಳಿಗಾರ ಹಾಕಿ ಬೆಸುಗೆ.

ಮನೆಯಲ್ಲಿ ಹಾಕಿಕೊಂಡಾಗ ಅಮ್ಮ ಹತ್ತಿರ ಬಂದು ನೋಡಿದರು.

"ಗಂಟಲು ಎದ್ದು ಕಾಣ್ತದಲ್ಲೋ."

"ಕಾಣಲಿ ಅಂತಾನೇ ಮಾಡಿದ್ದಮ್ಮ."

ಅವರು ಹಿಂದೆ ಹೋಗಿ ದಾರ ಎಳೆದು ನೋಡಿದರು. "ಬಿಗಿಯಾಯ್ತು. ಇನ್ನೊಂದು ಬೆರಳು ಉದ್ದ ಬಿಡಿಸು" ಅಂದರು. ಮಾರನೇ ದಿನ ಬಿಡಿಸಿದೆ.