ಹುಡುಗನ್ನ ಸಂಗೀತ ಶಾಲೆಗೇ ಹಾಕ್ಬೇಕಾ, ಹೈಸ್ಕೂಲ್ ಸಾಕಾ?

ಸಂಗೀತ ಹೇಳ್ಕೊಡೋ ನಂಗೆ ಏಪ್ರಿಲ್ ಬಂತಂದ್ರೆ ಈ ಪ್ರಶ್ನೆ ಗ್ಯಾರಂಟಿ. ಏಳನೇ ಕ್ಲಾಸ್ ಮುಗಿಸಿದ ಮಗನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಅಪ್ಪ ಕೇಳ್ತಾರೆ, "ಸರ್, ಇವನ್ನ ಗದಗಿನ ಆಶ್ರಮಕ್ಕ ಬಿಡೂಣೇನ್ರಿ, ಇಲ್ಲಾ ಇಲ್ಲೇ ಸಾಲಿ ಕಲಕೋತ ನಿಮ್ಮ ಹತ್ರ ಬರ್ಲೇನ್ರಿ?" ನನ್ನ ಫೀಸ್ ಹೋಗತ್ತೆ ಅನ್ನೋದನ್ನ ಪಕ್ಕಕ್ಕಿಟ್ಟೇ ಹೇಳ್ತೀನಿ.

ಹೈಸ್ಕೂಲ್ ಸಂಗೀತ ಅಂದ್ರೆ ನಾಡಗೀತೆ, ಆಗಸ್ಟ್ 15, ಪ್ರತಿಭಾ ಕಾರಂಜಿ. ಹತ್ತನೇ ಕ್ಲಾಸಿಗೆ ಬಂದ್ರೆ ಆ ಪಿರಿಯಡ್ಡೂ ಗಣಿತದ ಮೇಷ್ಟ್ರ ಪಾಲು.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಥೆನೇ ಬೇರೆ, ಅಲ್ಲೇ ಉಳ್ಕೊಂಡು ಸಂಗೀತ ಕಲಿಯೋ ಜಾಗ ಅದು. ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು, 1944ರಲ್ಲಿ ಅವರು ತೀರ್ಕೊಂಡ್ಮೇಲೆ 2010ರ ತನಕ ಪುಟ್ಟರಾಜ ಗವಾಯಿಗಳು ನಡೆಸಿದ್ದು, ಇಬ್ಬರಿಗೂ ಕಣ್ಣು ಕಾಣ್ತಿರಲಿಲ್ಲ. ಹಿಂದೂಸ್ತಾನಿ ಗಾಯಕ ವೆಂಕಟೇಶ್ ಕುಮಾರ್ ಅವರು 12 ವರ್ಷ ಕಲಿತಿದ್ದು ಅಲ್ಲೇ. ಅಂಥಾ ಕಡೆ ಪಾಠಕ್ಕಿಂತ ಕಿವಿ ಮೇಲೆ ಬೀಳೋದೇ ಜಾಸ್ತಿ, ಒಂದು ಮೂಲೇಲಿ ತಬಲಾ, ಇನ್ನೊಂದು ಕಡೆ ದೊಡ್ಡ ಹುಡುಗ್ರ ರಿಯಾಜ್, ತಪ್ಪಿದ್ರೆ ಆಗಿಂದಾಗ್ಲೇ ಗದರಿಸೋಕೆ ಯಾರೋ ಒಬ್ರು.

ನನ್ನ ಕ್ಲಾಸು ಭಾನುವಾರ ಒಂದು ಗಂಟೆ. ಒಬ್ಬ ಹುಡುಗ ಭೂಪ ರಾಗದ ಅಲಂಕಾರ, ಅಂದ್ರೆ ಸ್ವರಗಳ ಅಭ್ಯಾಸ, ತಗೊಂಡು ಹೋದ, ಮನೇಲಿ ಆರು ದಿನ ನಿಷ್ಠೆಯಿಂದ ಹಾಡಿದ, ಬಂದು ಹಾಡಿದ್ರೆ ಗಂಧಾರ, ಅಂದ್ರೆ 'ಗ' ಸ್ವರ, ಅಷ್ಟೂ ಸಲ ಇಳೀತಿದೆ. ಆ ತಪ್ಪು ಗಂಟಲಲ್ಲಿ ಕೂತ್ಬಿಟ್ಟಿತ್ತು, ತೆಗೆಯೋಕೆ ಎರಡು ತಿಂಗಳು ಹಿಡೀತು. ಮತ್ತೆ ಹುಡುಗ್ರಿಗೆ ಹೈಸ್ಕೂಲ್ ವಯಸ್ಸಲ್ಲೇ ದನಿ ಒಡೆಯತ್ತೆ. ದಿನಾ ಕೇಳೋ ಗುರು ಇದ್ರೆ ಶ್ರುತಿ ಇಳಿಸಿ ಸುಧಾರಿಸ್ತಾರೆ, ಇಲ್ದಿದ್ರೆ ಪಾಪ ಹುಡುಗ ನಂಗೆ ಹಾಡೋಕೆ ಬರಲ್ಲ ಅಂತ ಬಿಟ್ಟೇ ಬಿಡ್ತಾನೆ, ಹಂಗೆ ಬಿಟ್ಟೋರನ್ನ ಸುಮಾರು ಜನ ನೋಡಿದೀನಿ.

ಹಂಗಂತ ಮನೆ ಬಿಟ್ರೇನೇ ಸಂಗೀತ ಅಂತಲ್ಲ. ಭೀಮಸೇನ ಜೋಶಿ 11ನೇ ವಯಸ್ಸಿಗೇ ಮನೆ ಬಿಟ್ಟು ಊರೂರು ಅಲೆದು ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೇಲಿ ನೀರು ಹೊತ್ಕೊಂಡು ಕಲಿತ್ರು. ಆದ್ರೆ ಗಂಗೂಬಾಯಿ ಹಾನಗಲ್ ಅದೇ ಗುರುಗಳ ಹತ್ರ ಹುಬ್ಬಳ್ಳಿಯಿಂದ ರೈಲಲ್ಲಿ ಓಡಾಡ್ಕೊಂಡು ಕಲಿತ್ರು.

ಅದಕ್ಕೇ ನಾನು ತಿರುಗಿ ಒಂದೇ ಪ್ರಶ್ನೆ ಕೇಳೋದು, ಮನೇಲಿ ಇವನು ಹಾಡ್ವಾಗ ಕೂತು ಕೇಳೋರು ಯಾರು? ಸುಮಾರು ಜನ ಸುಮ್ನಾಗ್ತಾರೆ, ಅಂಥವರಿಗೆ ಹುಡುಗಂಗೂ ಮನಸ್ಸಿದ್ರೆ ಕಳಿಸಿ ಅಂತೀನಿ. ಈ ಸಲ ಒಬ್ರು ಮಾತ್ರ "ಅವರಜ್ಜಿ ಕುಂದರ್ತಾರ್ರಿ, ಭಜನಿ ಹಾಡಾಕಿ" ಅಂದ್ರು. ಸದ್ಯ ಹೈಸ್ಕೂಲಲ್ಲೇ ಇರ್ಲಿ ಅಂದೆ, ಭಾನುವಾರ ಅಜ್ಜಿನ್ನೂ ಕರ್ಕೊಂಡು ಬನ್ನಿ ಅಂದೆ.