ಎರಡು ಕಡಲಿಗೆ ಹರಿಯುವ ಊರು

ಬಿ.ಎ.ಗೆ ಸೇರುವಾಗ ನಾನು ಕೇಳಿದ್ದು ರಾಜ್ಯಶಾಸ್ತ್ರ. ಸೀಟು ತುಂಬಿದ್ದರಿಂದ ಭೂಗೋಳ ಗಂಟುಬಿತ್ತು. "ನದಿ, ರಾಜಧಾನಿ ಬಾಯಿಪಾಠ ಮಾಡಾಕ ಕಾಲೇಜ್ ಯಾಕ ಬೇಕ?" ಅಂತ ಅಪ್ಪ ನಕ್ಕರು. ನನ್ನ ತಿಳಿವಳಿಕೆಯೂ ಅದಕ್ಕಿಂತ ಹೆಚ್ಚೇನಿರಲಿಲ್ಲ.

ಮೊದಲ ಪ್ರಾಕ್ಟಿಕಲ್ ದಿನ ಸರ್ ಮೇಜಿನ ಮೇಲೆ ಟೋಪೋಶೀಟು, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆ, ಹಾಸಿದರು. 1:50,000 ಪ್ರಮಾಣ, ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಸಮೋನ್ನತ ರೇಖೆ 20 ಮೀಟರಿಗೊಂದು, ಮಡಿಕೆ ಹರಿದಲ್ಲೆಲ್ಲ ಹಿಂದಿನಿಂದ ಬಟ್ಟೆಯ ತೇಪೆ. 75 ಡಿಗ್ರಿ ಪೂರ್ವ ರೇಖಾಂಶ ಧಾರವಾಡದ ಒಳಗೇ ಹಾಯುತ್ತದೆ. ಅಲ್ಲಿಗೆ ಒಂದು ಶೀಟು ಮುಗಿದು ಇನ್ನೊಂದು ಶುರು. ನಮ್ಮೂರನ್ನು ಇಡಿಯಾಗಿ ನೋಡಲು ಎರಡು ಶೀಟು ಜೋಡಿಸಬೇಕಿತ್ತು. "ಇಲ್ಲಿ ಬಿದ್ದ ಮಳಿ ಎಲ್ಲಿಗೆ ಹೋಗತೈತಿ, ಪೆನ್ಸಿಲ್ ಹಿಡಕೊಂಡು ಹೋಗ್ರಿ" ಅಂದರು ಸರ್. ನಾನು ಸೋಮೇಶ್ವರ ಗುಡಿಯಿಂದ ಹೊರಟೆ. ಅಲ್ಲಿಯ ಶಾಲ್ಮಲೆ ಹೊಳೆ ಬೇಡ್ತಿಯನ್ನು ಸೇರಿ, ಗಂಗಾವಳಿಯೆಂಬ ಹೆಸರಿನಲ್ಲಿ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಪಕ್ಕದವಳ ಪೆನ್ಸಿಲ್ಲು ಊರಿನ ಪೂರ್ವದ ಹಳ್ಳ ಹಿಡಿದು ಬೆಣ್ಣೆಹಳ್ಳಕ್ಕೆ, ಅಲ್ಲಿಂದ ಮಲಪ್ರಭೆಗೆ, ಕೂಡಲಸಂಗಮದಲ್ಲಿ ಕೃಷ್ಣೆಗೆ, ಕಡೆಗೆ ಬಂಗಾಳ ಕೊಲ್ಲಿಗೆ. ದಿನಾ ಸೈಕಲ್ ತುಳಿಯುತ್ತಿದ್ದ ದಿಬ್ಬ ನೀರನ್ನು ಎರಡು ಕಡೆಗೆ ಹಂಚುವ ಜಲವಿಭಾಜಕ ಅಂತ ನನಗೆ ಅಂದು ಗೊತ್ತಾಯಿತು.

ಸೈಕಲ್ ಅಂದೆನಲ್ಲ, ಅದೇ ಒಮ್ಮೆ ಮಾನ ಕಳೆಯಿತು. ಪ್ರಿಸ್ಮ್ಯಾಟಿಕ್ ಕಂಪಾಸ್ ಸರ್ವೆಯಲ್ಲಿ ಗೆರೆಯ ಈ ತುದಿಯಿಂದ ಆ ತುದಿಯ ದಿಕ್ಕಿನ ಕೋನ ಮುಂದಿನ ಬೇರಿಂಗು, ಆ ತುದಿಯಿಂದ ತಿರುಗಿ ನೋಡಿದ್ದು ಹಿಂದಿನ ಬೇರಿಂಗು; ಎರಡಕ್ಕೂ 180 ಡಿಗ್ರಿ ವ್ಯತ್ಯಾಸ ಬರಬೇಕು. ನಮಗೆ 171 ಬಂತು. ಮೂರು ಸಲ ಅಳೆದರೂ ಅಷ್ಟೇ. ಸರ್ ಬಂದವರು ಕಂಪಾಸ್ ಮುಟ್ಟಲೇ ಇಲ್ಲ, ಸ್ಟ್ಯಾಂಡಿಗೆ ಒರಗಿಸಿದ್ದ ನನ್ನ ಸೈಕಲ್ಲನ್ನು ದೂರ ತಳ್ಳಿದರು. ಅದರ ಕಬ್ಬಿಣ ಕಂಪಾಸಿನ ಸೂಜಿಯನ್ನು ತನ್ನತ್ತ ಎಳೆಯುತ್ತಿತ್ತು.

ಕೊನೆಯ ವರ್ಷ ಮಾನವ ಭೂಗೋಳ. ಹವಾಮಾನದ ವರ್ಗೀಕರಣದಷ್ಟು ಒಣದಲ್ಲ, ಆದರೆ ಸಿದ್ಧಾಂತಗಳ ಕಾಟ. 1933ರಲ್ಲಿ ಕ್ರಿಸ್ಟಾಲರ್ ಎಂಬ ಜರ್ಮನ್ ಭೂಗೋಳಜ್ಞ ದಕ್ಷಿಣ ಜರ್ಮನಿಯ ಪೇಟೆಗಳನ್ನು ನೋಡಿ, ಜನ ಹತ್ತಿರದ ಪೇಟೆಗೇ ಹೋಗುತ್ತಾರೆ ಅಂತ ಎಣಿಸಿ, ಪೇಟೆಯ ಸುತ್ತ ಷಟ್ಕೋನ ಹಾಕಿದ್ದ. ನಾವು ಸಂತೆಗೆ ಹೋಗಿ, ಯಾರು ಯಾವ ಊರಿಂದ ಬಂದರು, ಯಾಕೆ ಇಲ್ಲಿಗೇ ಬಂದರು ಅಂತ ಕೇಳಿ ಬರೆದುಕೊಳ್ಳಬೇಕಿತ್ತು. ಪಶ್ಚಿಮದ ಕಲಘಟಗಿ ಕಡೆಯವರ ಚೀಲದಲ್ಲಿ ಅಕ್ಕಿ, ಪೂರ್ವದ ನವಲಗುಂದ ಕಡೆಯವರ ಚೀಲದಲ್ಲಿ ಎರೆಹೊಲದ ಜೋಳ, ಮೆಣಸಿನಕಾಯಿ. ಮಳೆ ಪೂರ್ವಕ್ಕೆ ಇಳಿಯುತ್ತ ಹೋಗುವುದು ಚೀಲ ಬಿಚ್ಚಿದರೇ ಕಾಣುತ್ತಿತ್ತು. ಮೆಣಸಿನಕಾಯಿ ರಾಶಿಯ ಹಿಂದೆ ಕೂತ ಅಜ್ಜಿಯೊಬ್ಬಳಿಗೆ, "ನಿಮ್ಮೂರ ಹತ್ತಿರವೇ ಸಂತಿ ಇದ್ದರೂ ಇಷ್ಟು ದೂರ ಯಾಕ ಬಂದ್ರಿ?" ಅಂತ ಕೇಳಿದೆ. ನನ್ನ ನಮೂನೆಯಲ್ಲಿ ಬೆಲೆ, ದೂರ, ಬಸ್ ಸೌಕರ್ಯ ಅಂತ ಮೂರೇ ಕಾಲಂ.

"ಮಗಳ ಮನಿ ಇಲ್ಲೇ ಐತೆಲ್ಲೊ ತಮ್ಮಾ" ಅಂದಳು.

ಆ ಷಟ್ಕೋನ ನನ್ನ ರೆಕಾರ್ಡ್ ಪುಸ್ತಕದಲ್ಲಿ ಕೊನೆಗೂ ಮುಚ್ಚಿಕೊಳ್ಳಲಿಲ್ಲ. ಸರ್ ಅದರ ಪಕ್ಕ ಕೆಂಪು ಶಾಯಿಯಲ್ಲಿ ಟಿಕ್ ಹಾಕಿ, "ನಾಲ್ಕನೇ ಕಾಲಂ ಸೇರಿಸು" ಅಂತ ಬರೆದಿದ್ದಾರೆ.